ನಾಗಮಲೆಗೆ ಹರಕೆ ಹೊತ್ತು ಹೋಗುವವರಿಗೂ ಟ್ರೆಕ್ಕಿಂಗ್ ಬುಕಿಂಗಾ?

ಮಳವಳ್ಳಿ ಮಂಜ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನಮ್ಮಪ್ಪನಿಗೆ 68 ವರ್ಷ. ಮಂಡಿ ಆಪರೇಷನ್‌ಗೆ ಮುಂಚೆ ಮಲೆ ಮಹದೇಶ್ವರ ಬೆಟ್ಟದ ಮಾದಪ್ಪನಿಗೆ ಹರಕೆ ಕಟ್ಟಿಕೊಂಡಿದ್ದರು, ಕಾಲು ನೆಟ್ಟಗಾದರೆ ನಾಗಮಲೆಗೆ ನಡೆದೇ ಬರ್ತೀನಿ ಅಂತ. ಕಾಲು ನೆಟ್ಟಗಾಯ್ತು. ಈಗ ದಿನಾ ಬೆಳಗ್ಗೆ ಕೆರೆ ಏರಿ ಮೇಲೆ ನಡೆದು ಪ್ರಾಕ್ಟೀಸ್ ಮಾಡ್ತಾ ಇದ್ದಾರೆ, ಯಾವಾಗ ಹೊರಡೋದು ಅಂತ ನನ್ನ ತಲೆ ತಿನ್ನುತ್ತಾ ಇದ್ದಾರೆ.

ನನ್ನ ಆಫೀಸಿನ ಗೆಳೆಯನೊಬ್ಬ ಚಾರಣದ ಹುಚ್ಚಿನವನು. ಅವನು ಹೇಳಿದ್ದು, ಅದೆಲ್ಲ ಈಗ ವನ್ಯಜೀವಿ ಧಾಮ, ಸುಮ್ನೆ ಹೋಗೋಕಾಗಲ್ಲ, ಅರಣ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಬೇಕು, ದುಡ್ಡು ಕಟ್ಟಬೇಕು, ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ ಇರುತ್ತೆ ಅಂತ. ಇದನ್ನು ಅಪ್ಪನಿಗೆ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು, "ಮಾದಪ್ಪನ್ನ ನೋಡೋಕೆ ಟಿಕೇಟಾ?" ಅಂದರು. ಅಷ್ಟೇ. ಆಮೇಲೆ ಎದ್ದು ಹೋಗಿ ದನಕ್ಕೆ ಹುಲ್ಲು ಹಾಕಿದರು.

ನನಗೆ ಎರಡೂ ಕಡೆಯ ಮಾತು ಸರಿ ಅನಿಸ್ತಾ ಇದೆ, ಅದೇ ತೊಂದರೆ. ಅಪ್ಪ ಹುಡುಗನಾಗಿದ್ದಾಗ ಊರಿನಿಂದ ನಲವತ್ತು ಐವತ್ತು ಜನ ಅಕ್ಕಿ ಬೇಳೆ ಕಟ್ಟಿಕೊಂಡು ನಡೆದು ಹೋಗುತ್ತಿದ್ದರಂತೆ. ಆಗ ಕಾಡು ಇತ್ತು, ಆನೆ ಇತ್ತು, ಯಾರೂ ಚೀಟಿ ಕೇಳಿರಲಿಲ್ಲ. ಆದರೆ ಈಗ ಹೋಗುವವರ ಸಂಖ್ಯೆ, ಅವರು ಬಿಟ್ಟು ಬರುವ ಕಸ ನೋಡಿದರೆ ತಡೆ ಬೇಡ ಅಂತಲೂ ಹೇಳೋಕಾಗಲ್ಲ. ಹರಕೆಯವರನ್ನೂ ವೀಕೆಂಡ್ ಟ್ರೆಕ್ಕಿಂಗಿನವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸೋದು ಯಾಕೆ? ಕಾನೂನಿನಲ್ಲೇ ಹಾಗಿದೆಯಾ? ಆ ಕಡೆಯವರು ಯಾರಾದರೂ ಇದ್ದರೆ ತಿಳಿಸಿ.

ಕೌದಳ್ಳಿ ಕಡೆಯವನು:

ಮಂಜಣ್ಣ, ನಾನು ಆ ಕಡೆಯವನೇ. ನಿಮ್ಮಪ್ಪಂಗೆ ಮೊದಲು ನನ್ನ ನಮಸ್ಕಾರ ಹೇಳಿ.

ಒಂದು ವಿಷಯ ತಿಳ್ಕೊಳ್ಳಿ. ಮಾದಪ್ಪನ ಗುಡಿ ಬೇರೆ, ನಾಗಮಲೆ ಬೇರೆ. ದೊಡ್ಡ ಗುಡಿಗೆ ಟಾರ್ ರಸ್ತೆ ಇದೆ, ಬಸ್ಸು ಬರುತ್ತೆ, ಯಾರೂ ತಡೆಯಲ್ಲ. ಪ್ರಾಧಿಕಾರ ಇದೆ, ವಸತಿಗೃಹ ಇದೆ, ದಾಸೋಹ ಇದೆ. 2023ರಲ್ಲಿ ಹುಲಿ ಮೇಲೆ ಕೂತ ಮಾದಪ್ಪನ 108 ಅಡಿ ವಿಗ್ರಹವನ್ನೂ ನಿಲ್ಲಿಸಿದ್ದಾರೆ. ನಾಗಮಲೆ ಅಲ್ಲಿಂದ ಒಳಗೆ, ಸುಮಾರು 14 ಕಿ.ಮೀ. ಇಂಡಿಗನತ್ತ ಅನ್ನುವ ಊರಿನ ಮೇಲೆ ಹಾದು ಹೋಗಬೇಕು. ದಾರಿ ಪೂರ್ತಿ ಕಾಡು. ತುದಿಯಲ್ಲಿ ಲಿಂಗದ ಮೇಲೆ ಹೆಡೆ ಎತ್ತಿದ ಹಾವಿನ ಥರ ಬಂಡೆ. ಅದನ್ನು ನೋಡಿದ ದಿನ ನಿಮ್ಮಪ್ಪ ನಿಮ್ಮ ಹತ್ತಿರ ಮಾತೇ ಆಡಲ್ಲ, ಬರೆದಿಟ್ಕೊಳ್ಳಿ.

ಮುಂಚೆ ಈ ದಾರಿಯಲ್ಲಿ ಹೋಗುತ್ತಿದ್ದದ್ದು ಹರಕೆಯವರು, ಮಾದಪ್ಪನ ಹಾಡು ಹೇಳುವ ದೇವರ ಗುಡ್ಡರು, ಊರವರು, ಅಷ್ಟೇ. ಮೊಬೈಲಿನಲ್ಲಿ ವಿಡಿಯೋ ಹರಿದಾಡೋಕೆ ಶುರುವಾದ ಮೇಲೆ ಬೇರೆ ಥರದ ಜನ ಬಂದರು. ಸ್ಪೀಕರ್ ಹಾಕ್ಕೊಂಡು ಬರುವವರು. ಬೆಟ್ಟದ ಮೇಲೆ ಬಾಟಲಿ ಒಡೆಯುವವರು. ನಾವು ಚಪ್ಪಲಿ ಬಿಟ್ಟು ಹತ್ತುವ ಜಾಗದಲ್ಲಿ ಅವರು ಅಡುಗೆ ಮಾಡಿ ಎಲುಬು ಬಿಸಾಕಿ ಹೋಗಿರುತ್ತಾರೆ. ನಮ್ಮ ಮನೆಯವಳು ಒಂದ್ಸಲ ಒಂದು ಗೋಣಿಚೀಲದ ತುಂಬ ಪ್ಲಾಸ್ಟಿಕ್ ಆರಿಸಿಕೊಂಡು ಬಂದಳು, ಅರ್ಧ ದಾರಿಗೇ ಚೀಲ ತುಂಬಿಹೋಯ್ತು. ಆದ್ದರಿಂದ ತಡೆ ಹಾಕಿದಾಗ ನಮ್ಮಲ್ಲೇ ಎಷ್ಟೋ ಜನ ಒಳ್ಳೇದಾಯ್ತು ಅಂದರು.

ಆದರೆ ಇನ್ನೊಂದು ಮಾತೂ ಇದೆ. ತಡೆ ಅಂದ ತಕ್ಷಣ ಮೊದಲು ಹೊಟ್ಟೆ ಮೇಲೆ ಏಟು ಬೀಳೋದು ಒಳಗಿನ ಊರುಗಳಿಗೆ. ಜೀಪು ಓಡಿಸುವವರು, ನೀರುಮಜ್ಜಿಗೆ ಮಾರುವ ಹೆಂಗಸರು, ರಾತ್ರಿ ಉಳಿಸಿಕೊಂಡು ಅನ್ನ ಹಾಕುವವರು. ಆ ಊರುಗಳಿಗೆ ನೆಟ್ಟಗೆ ರಸ್ತೆ ಇಲ್ಲ, ನೀರಿಲ್ಲ. 2024ರ ಲೋಕಸಭೆ ಚುನಾವಣೆ ದಿನ ಇಂಡಿಗನತ್ತದಲ್ಲಿ ಏನಾಯ್ತು ಅಂತ ಪೇಪರಿನಲ್ಲಿ ಓದಿರುತ್ತೀರಿ, ಮತಗಟ್ಟೆಯಲ್ಲಿ ಮಷಿನ್ನೇ ಒಡೆದುಹಾಕಿದರು, ಮೂರು ದಿನ ಬಿಟ್ಟು ಮರುಮತದಾನ ಮಾಡಬೇಕಾಯ್ತು. ಒಡೆದಿದ್ದು ಸರಿ ಅಂತ ನಾನು ಹೇಳ್ತಾ ಇಲ್ಲ. ರಸ್ತೆ ಕೊಡಿ ಅಂತ ಕೇಳಿದರೆ ಇದು ವನ್ಯಧಾಮ, ಒಪ್ಪಿಗೆ ದೆಹಲಿಯಿಂದ ಬರಬೇಕು ಅಂತಾರೆ. ಓಟು ಕೇಳುವಾಗ ಮಾತ್ರ ವನ್ಯಧಾಮ ಅಡ್ಡ ಬರಲ್ಲ.

ಉಘೇ ಉಘೇ:

ಇಷ್ಟೆಲ್ಲ ಯಾಕೆ ಸುತ್ತಾಡ್ತೀರಿ? ಆ ಕಾಡು ಮಾದಪ್ಪನದು. ಎಪ್ಪತ್ತೇಳು ಮಲೆ ಮಾದಪ್ಪನದು. ಐದಾರು ನೂರು ವರ್ಷದಿಂದ ಜನ ನಡೆದ ದಾರಿ. ಅದು ವನ್ಯಧಾಮ ಆಗಿದ್ದು ಯಾವಾಗ? 2013ರಲ್ಲಿ. ನಿನ್ನೆ ಬಂದವರು ಮನೆ ಯಜಮಾನನಿಗೇ ಚೀಟಿ ಕೇಳಿದ ಹಾಗಾಯ್ತು. ನಮ್ಮ ಪೂರ್ವಿಕರು ನಡೆದು ಕಾಡೇನೂ ಹಾಳಾಗಿರಲಿಲ್ಲ. ಮಂಜ, ನಿಮ್ಮಪ್ಪನ್ನ ಕರ್ಕೊಂಡು ನೆಟ್ಟಗೆ ಹೋಗಿ, ಯಾರು ತಡೀತಾರೋ ನೋಡೋಣ.

ಕ್ಯಾಮೆರಾ ಟ್ರ್ಯಾಪ್:

ಮೇಲಿನವರ ಮಾತು ಕೇಳಿ ಹೋಗಬೇಡಿ ದಯವಿಟ್ಟು. 68 ವರ್ಷದವರನ್ನು ಕರ್ಕೊಂಡು ಆನೆ ಓಡಾಡುವ ಕಡೆ "ನೋಡೋಣ" ಅಂತ ಹೋಗೋದಲ್ಲ.

ನಾನು ಕೆಲವು ವರ್ಷ ಹುಲಿ ಗಣತಿಗೆ ಸ್ವಯಂಸೇವಕನಾಗಿ ಆ ಭಾಗದಲ್ಲಿ ನಡೆದಿದ್ದೇನೆ, ಅದಕ್ಕೇ ಈ ಹೆಸರು. ಮಂಜ ಅವರೇ, ನೀವು ಕೇಳಿದ್ದು ಕಾನೂನಿನ ಪ್ರಶ್ನೆ. ಅದರಲ್ಲಿ ಒಂದು ತಮಾಷೆ ಇದೆ, ಬಹಳ ಜನರಿಗೆ ಗೊತ್ತಿಲ್ಲ.

1972ರ ವನ್ಯಜೀವಿ ಕಾಯ್ದೆಯಲ್ಲಿ 27 ಮತ್ತು 28ನೇ ಸೆಕ್ಷನ್ ಓದಿ. ವನ್ಯಧಾಮದೊಳಗೆ ಯಾರು ಹೋಗಬಹುದು ಅಂತ 27ರಲ್ಲಿದೆ. ಡ್ಯೂಟಿ ಮೇಲಿರುವ ಸರ್ಕಾರಿ ನೌಕರ, ಒಳಗೆ ಜಮೀನಿನ ಹಕ್ಕು ಇರುವವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದು ಹೋಗುವವರು, ಹೀಗೆ. ಉಳಿದವರು ಪರ್ಮಿಟ್ ತಗೋಬೇಕು. ಪರ್ಮಿಟ್ ಯಾವ ಯಾವ ಕಾರಣಕ್ಕೆ ಕೊಡಬಹುದು ಅನ್ನೋದು 28ರಲ್ಲಿದೆ. ವನ್ಯಜೀವಿಗಳ ಅಧ್ಯಯನ, ಫೋಟೋ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗಿರುವ ಯಾರ ಜೊತೆಗಾದರೂ ನ್ಯಾಯವಾದ ವ್ಯವಹಾರ. ಮುಗೀತು. ದೇವರ ದರ್ಶನ, ಹರಕೆ, ಜಾತ್ರೆ ಅನ್ನುವ ಮಾತೇ ಆ ಪಟ್ಟಿಯಲ್ಲಿಲ್ಲ! 2022ರಲ್ಲಿ ತಿದ್ದುಪಡಿ ಮಾಡಿದಾಗ ಸಿನಿಮಾ ಚಿತ್ರೀಕರಣವನ್ನು ಸೇರಿಸಿದರು, ಹರಕೆ ಆಗಲೂ ನೆನಪಾಗಲಿಲ್ಲ. ಹೀಗಾಗಿ ಗುಡಿಗೆ ಹೋಗುವವರನ್ನು ಯಾವುದಾದರೂ ಒಂದು ಖಾನೆಗೆ ಹಾಕಲೇಬೇಕು, ಹತ್ತಿರದ ಖಾನೆ ಅಂದರೆ ಪ್ರವಾಸಿ. ನಿಮ್ಮಪ್ಪ ಕಾನೂನಿನ ಕಣ್ಣಿಗೆ ಪ್ರವಾಸಿ. ಅವರಿಗೆ ಬೇಜಾರಾಗಿದ್ದರಲ್ಲಿ ತಪ್ಪೇನಿಲ್ಲ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ವನ್ಯಧಾಮ ಮಾಡುವಾಗ ಅಲ್ಲಿ ಯಾರಿಗೆ ಏನೇನು ಹಕ್ಕಿದೆ ಅಂತ ಜಿಲ್ಲಾಧಿಕಾರಿ ವಿಚಾರಣೆ ಮಾಡಬೇಕು. ಮುಖ್ಯ ವನ್ಯಜೀವಿ ಪರಿಪಾಲಕರ ಜೊತೆ ಮಾತಾಡಿ ಕೆಲವು ಹಕ್ಕನ್ನು ಹಾಗೇ ಮುಂದುವರಿಸಲೂಬಹುದು, 24ನೇ ಸೆಕ್ಷನ್ನಿನಲ್ಲಿ ಅದಕ್ಕೆ ಜಾಗ ಇದೆ. ನಡೆಯುವ ದಾರಿ, ಇಂಥಿಂಥ ಹಬ್ಬ, ಇಂಥ ತಿಂಗಳು ಅಂತ ಬರೆದಿಟ್ಟುಬಿಟ್ಟರೆ ಗಲಾಟೆಯೇ ಇರಲ್ಲ. ಆದರೆ ಹಕ್ಕು ಕೇಳೋಕೆ ಮುಂದೆ ಬರುವವರು ಜಮೀನು ಇರುವವರು. ವರ್ಷಕ್ಕೊಂದು ಸಲ ಮಳವಳ್ಳಿಯಿಂದ ನಡೆದು ಬರುವವರ ಪರವಾಗಿ ಅರ್ಜಿ ಹಾಕುವವರು ಯಾರು?

ಈಗಿನ ಬುಕಿಂಗ್ ಬಂದಿದ್ದು ಮಾದಪ್ಪನ ಬೆಟ್ಟದ ಗಲಾಟೆಯಿಂದಲೂ ಅಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರ ಪರ್ವತಕ್ಕೆ ಜನ ನುಗ್ಗಿದರಲ್ಲ, ಸುಬ್ರಹ್ಮಣ್ಯದ ಕಡೆಯಿಂದ ಹತ್ತುವ ದಾರಿಯಲ್ಲಿ ಇರುವೆ ಸಾಲು ನಿಂತ ಹಾಗೆ ನಿಂತಿದ್ದ ವಿಡಿಯೋ ಎಲ್ಲರೂ ನೋಡಿದ್ದೀರಿ. ಆನ್‌ಲೈನ್ ವ್ಯವಸ್ಥೆ ಇಲ್ಲದ ಕಡೆ ಚಾರಣ ನಿಲ್ಲಿಸಿದ್ದು ಅದಾದ ಮೇಲೆ. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಅನ್ನುವ ವೆಬ್‌ಸೈಟ್ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಅನ್ನುವ ಮಿತಿ ಬಂತು. ಕುಮಾರ ಪರ್ವತಕ್ಕೆ ಇದು ಸರಿಯಾದ ಔಷಧಿ. ಅದೇ ಮಾತ್ರೆಯನ್ನು ಎಲ್ಲ ಬೆಟ್ಟಕ್ಕೂ ನುಂಗಿಸಿದರೆ ಹೇಗೆ ಅನ್ನೋದು ನನ್ನದೂ ಪ್ರಶ್ನೆ.

ಉಘೇ ಅವರಿಗೆ ಒಂದು ಮಾತು. ಪೂರ್ವಿಕರು ನಡೆದು ಕಾಡು ಹಾಳಾಗಲಿಲ್ಲ, ಒಪ್ಪಿದೆ. ಯಾಕಂದರೆ ಅವರು ನಡೆದರು. ಈಗ ಎಷ್ಟು ಜನ ನಡೀತಾರೆ? ಅಮಾವಾಸ್ಯೆ ದಿನ ಬೆಟ್ಟದ ಬುಡದ ತಾಳಬೆಟ್ಟದಿಂದ ಮೇಲಿನವರೆಗೆ ವಾಹನದ ಸಾಲು ನೋಡಿದ್ದೀರಾ? ಆ ಕಾಡು ಸುಮಾರು 906 ಚದರ ಕಿ.ಮೀ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಕಾವೇರಿ ವನ್ಯಧಾಮ, ಕೆಳಗೆ ತಮಿಳುನಾಡಿನ ಸತ್ಯಮಂಗಲ. ಆನೆ, ಹುಲಿ ಇವುಗಳ ನಡುವೆ ಓಡಾಡಬೇಕು ಅಂದರೆ ಆ ರಸ್ತೆ ದಾಟಲೇಬೇಕು. ನಡೆದು ಹೋಗುವ ನೂರು ಜನರಿಗಿಂತ ರಾತ್ರಿ ಹೋಗುವ ಹತ್ತು ಕಾರು ಅವಕ್ಕೆ ಜಾಸ್ತಿ ಕಾಟ.

ನಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ಇದಕ್ಕೊಂದು ಉದಾಹರಣೆ ಇದೆ. ಬಂಡೀಪುರದೊಳಗಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡಲ್ಲ. ಕೆಳಗೆ ನಿಲ್ಲಿಸಬೇಕು, ಸರ್ಕಾರಿ ಬಸ್ಸಿನಲ್ಲಿ ಹೋಗಿ ಬರಬೇಕು. ಶುರುವಿನಲ್ಲಿ ಜನ ಬೈದರು, ಈಗ ಅಭ್ಯಾಸ ಆಗಿದೆ. ರಾಜಸ್ಥಾನದ ಸರಿಸ್ಕಾದಲ್ಲಿ ಪಾಂಡುಪೋಲ್ ಹನುಮಂತನ ಗುಡಿಗೂ ಖಾಸಗಿ ವಾಹನ ನಿಲ್ಲಿಸಿ, ಎಲೆಕ್ಟ್ರಿಕ್ ಬಸ್ ಬಿಡಿ ಅಂತ ಸುಪ್ರೀಂ ಕೋರ್ಟೇ 2024ರ ಡಿಸೆಂಬರಿನಲ್ಲಿ ಹೇಳಿತು. ದೇವರನ್ನು ನೋಡಬೇಡಿ ಅಂತ ಯಾರೂ ಹೇಳಲಿಲ್ಲ, ಕಾರು ಬೇಡ ಅಂದರು ಅಷ್ಟೇ. ಮಾದಪ್ಪನ ಬೆಟ್ಟಕ್ಕೂ ಇದನ್ನೇ ಮಾಡಬೇಕು ಅನ್ನೋದು ನನ್ನ ವಾದ. ಹರಕೆಯವರಿಗೆ ಚೀಟಿ ಕೇಳುವ ಮುಂಚೆ ಕಾರಿನವರಿಗೆ ಕೇಳಲಿ.

ಉಘೇ ಉಘೇ:

ಗೋಪಾಲಸ್ವಾಮಿ ಬೆಟ್ಟದ ಹೆಸರು ತೆಗೆದಿರಲ್ಲ, 2025ರ ಏಪ್ರಿಲ್‌ನಲ್ಲಿ ಅದೇ ಬೆಟ್ಟದಲ್ಲಿ ಮಲಯಾಳಂ ಸಿನಿಮಾ ಶೂಟಿಂಗಿಗೆ ಅನುಮತಿ ಕೊಟ್ಟಿದ್ದು ಮರೆತುಹೋಯ್ತಾ? ನಮ್ಮ ಸ್ಕೂಟರ್ ಹೋದರೆ ಹುಲಿಗೆ ತೊಂದರೆ, ಅವರ ಗಾಡಿ ಹೋದರೆ ಇಲ್ಲ!

ಕ್ಯಾಮೆರಾ ಟ್ರ್ಯಾಪ್:

ಮರೆತಿಲ್ಲ. ಇದರಲ್ಲಿ ನಾನು ನಿಮ್ಮ ಕಡೆನೇ. ಅದಕ್ಕೇ 28ನೇ ಸೆಕ್ಷನ್ ಓದಿ ಅಂದಿದ್ದು.

ಮಳವಳ್ಳಿ ಮಂಜ:

ಅಪ್ಪ ಪ್ರವಾಸಿ ಅಂತ ನನಗೆ ಗೊತ್ತೇ ಇರಲಿಲ್ಲ 😀 ತುಂಬ ಥ್ಯಾಂಕ್ಸ್ ಎಲ್ಲರಿಗೂ. ಇನ್ನೊಂದು ಕೇಳ್ತೀನಿ. ಹೋದ ವರ್ಷ ಅಲ್ಲೇ ಹುಲಿಗಳಿಗೆ ವಿಷ ಹಾಕಿದ್ದರಲ್ಲ, ಅದಕ್ಕೂ ಈ ತಡೆಗೂ ಸಂಬಂಧ ಇದೆಯಾ? ಅಪ್ಪ ಆ ಸುದ್ದಿ ಟಿವಿಯಲ್ಲಿ ನೋಡಿ ಅವತ್ತು ಊಟ ಮಾಡಲಿಲ್ಲ. ಮಾದಪ್ಪನ ವಾಹನಕ್ಕೇ ವಿಷ ಹಾಕಿದರಲ್ಲೋ ಅಂತ ಒಂದೇ ಸಮ ಹೇಳ್ತಿದ್ದರು.

ಕೌದಳ್ಳಿ ಕಡೆಯವನು:

ನೇರವಾಗಿ ಸಂಬಂಧ ಇಲ್ಲ ಮಂಜಣ್ಣ. ಅದು 2025ರ ಜೂನ್ 26. ಹೂಗ್ಯಂ ವಲಯದ ಮೀಣ್ಯಂ ಕಾಡು. ತಾಯಿ ಹುಲಿ, ನಾಲ್ಕು ಮರಿ, ಐದೂ ಹೋದವು. ಹುಲಿ ಒಂದು ಹಸು ಹಿಡಿದಿತ್ತು, ಆ ಹಸುವಿನ ಮೈಗೆ ವಿಷ ಸುರಿದಿದ್ದರು. ತಾಯಿ ಮರಿಗಳನ್ನು ಕರ್ಕೊಂಡು ಬಂದು ತಿಂದಿದೆ.

ನಾವು ಹುಲಿ ಅಂತ ಕೂಡ ಹೇಳಲ್ಲ ಕೆಲವು ಸಲ, ದೊಡ್ಡದು ಅಂತೀವಿ. ಅಂಥ ಕಡೆ ಹೀಗಾಯ್ತು ಅಂದರೆ ಏನು ಹೇಳೋದು. ಮಾದಪ್ಪ ದನ ಕಾಯುವವರ ದೇವರೂ ಹೌದು, ಹುಲಿ ಏರಿದವನೂ ಹೌದು. ಎರಡೂ ಅವನದೇ. ಕಂಸಾಳೆಯವರು ರಾತ್ರಿಯೆಲ್ಲ ಹಾಡೋದು ಇದನ್ನೇ. ಆಲಂಬಾಡಿ ಜುಂಜೇಗೌಡ ದನ ಇಟ್ಟವನು, ಅವನೇ ಗುಡಿ ಕಟ್ಟಿಸಿದ್ದು ಅಂತಾರೆ. ನಮ್ಮಜ್ಜನ ಕಾಲದಲ್ಲಿ ಕಾಡಿನೊಳಗೆ ದೊಡ್ಡಿ ಹಾಕ್ಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು, ಹುಲಿ ಒಂದು ಹಸು ಹಿಡಿದರೆ ಮಾದಪ್ಪನ ಪಾಲು ಅಂತ ಬಿಟ್ಟುಬಿಡುತ್ತಿದ್ದರು. ಈಗ ಮೇಯೋ ದನವೆಲ್ಲ ಸಾಕಿದವರದ್ದೇ ಅಲ್ಲ, ಯಾರದೋ ದನವನ್ನು ಕೂಲಿಗೆ ಕಾಯುವವರಿದ್ದಾರೆ, ಆ ಕಡೆಯ ರಾಜ್ಯದಿಂದ ಹೊಡ್ಕೊಂಡು ಬರುವವರೂ ಇದ್ದಾರೆ. ಹುಲಿ ಸತ್ತ ಮೇಲೆ ಹೊರಗಿನ ದನ ಕಾಡಿಗೆ ಬಿಡಬಾರದು ಅಂತ ಸರ್ಕಾರ ಹೊರಟಿತು, ರೈತರು ವಿರೋಧ ಮಾಡಿದರು. ಅದರ ಜೊತೆಗೆ ಇದನ್ನು ಹುಲಿ ರಕ್ಷಿತಾರಣ್ಯ ಮಾಡಬೇಕು ಅನ್ನುವ ಮಾತು ಹಳೇದು. ಹಾಗೇನಾದರೂ ಆದರೆ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ನಂತರ ಜಿಲ್ಲೆಗೆ ಇದು ಮೂರನೆಯದು. ಊರುಗಳಲ್ಲಿ ಭಯ ಇದೆ, ನಮ್ಮನ್ನು ಎಬ್ಬಿಸ್ತಾರೆ ಅಂತ.

ದೊಡ್ಡ ಸಂಪಿಗೆ:

ತಡವಾಗಿ ಬಂದೆ. ನಾನು ಬಿಳಿಗಿರಿರಂಗನ ಬೆಟ್ಟದ ಪೋಡಿನವಳು (ಪೋಡು ಅಂದರೆ ನಮ್ಮ ಹಾಡಿ), ಕಾಡಿನ ಬುಡಕಟ್ಟಾದ ಸೋಲಿಗರ ಮನೆ ಮಗಳು, ಈಗ ಮೈಸೂರಿನಲ್ಲಿ ಕೆಲಸ. ಇಲ್ಲಿ ಇಷ್ಟು ಹೊತ್ತು ಭಕ್ತರು, ಇಲಾಖೆ, ಹುಲಿ ಎಲ್ಲ ಬಂತು. ಕಾಡಿನಲ್ಲೇ ದೇವರಿರುವವರ ಮಾತು ಬರಲಿಲ್ಲ.

ಹೊರಗಿನವರಿಗೆ ನಮ್ಮ ಬೆಟ್ಟ ಅಂದರೆ ತುದಿಯ ಮೇಲಿನ ರಂಗನಾಥನ ಗುಡಿ. ನಮಗೆ ಅವನು ರಂಗಭಾವ. ನಮ್ಮ ಕುಸುಮಾಲೆಯನ್ನು ಮದುವೆಯಾದವನು, ನೆಂಟ. ಭಾವನ ಮನೆಗೆ ಹೋಗೋಕೆ ನಾವು ಯಾರ ಒಪ್ಪಿಗೆ ಕೇಳಿದವರಲ್ಲ. ಆದರೆ ನಮ್ಮ ದೇವರು ಅಲ್ಲೊಂದೇ ಇಲ್ಲ. ಭಾರ್ಗವಿ ಹೊಳೆ ದಂಡೆಯ ದೊಡ್ಡ ಸಂಪಿಗೆ ಮರ ದೇವರು. ಒಂದೊಂದು ಕುಲಕ್ಕೆ ಒಂದೊಂದು ಎಲ್ಲೆ, ಅದರೊಳಗೆ ದೇವರ ಜಾಗ, ಮಾರಮ್ಮನ ಜಾಗ, ವೀರ, ಕಲ್ಲುಗುಡಿ, ಅಬ್ಬಿ. ನಮ್ಮ ಹಿರಿಯರು ಸಂಶೋಧಕರ ಜೊತೆ ಸುತ್ತಿ ನಕ್ಷೆ ಮಾಡಿದಾಗ ಇಂಥ ಜಾಗಗಳು 400ಕ್ಕೂ ಜಾಸ್ತಿ ಸಿಕ್ಕವು. ಗೋಪುರ ಇಲ್ಲ, ಬೋರ್ಡ್ ಇಲ್ಲ. ನೋಡಿದವರಿಗೆ ಸುಮ್ನೆ ಒಂದು ಕಲ್ಲು.

1974ರಲ್ಲಿ ವನ್ಯಧಾಮ ಮಾಡಿ ನಮ್ಮನ್ನು ಒಳಗಿನಿಂದ ತಂದು ರಸ್ತೆ ಬದಿ ಪೋಡುಗಳಲ್ಲಿ ಕೂರಿಸಿದರು. ಎಷ್ಟೋ ದೇವರ ಜಾಗ ಒಳಗೇ ಉಳಿದವು. ತರಗು ಬೆಂಕಿ ಹಾಕೋದು ನಿಲ್ಲಿಸಿದರು. ಬೇಸಗೆ ಜೋರಾಗುವ ಮುಂಚೆ ಒಣಗಿದ ತರಗೆಲೆಗೆ ಸಣ್ಣ ಬೆಂಕಿ, ನೆಲದ ಮೇಲೆ ಸರಿದು ಹೋಗುವಂಥದ್ದು. ಅದು ನಿಂತ ಮೇಲೆ ಲಂಟಾನ ಮೊಣಕಾಲಿನಿಂದ ತಲೆಯೆತ್ತರಕ್ಕೆ ಬೆಳೀತು, ಹುಲ್ಲು ಹೋಯ್ತು, ಈಗ ಬೆಂಕಿ ಬಿದ್ದರೆ ಮರದ ತುದಿಗೆ ಏರುತ್ತೆ ಅಂತ ನಮ್ಮಜ್ಜಿ ಹೇಳೋದು. ಕಾಡು ಕಾಯೋದು ಅಂದರೆ ಜನರನ್ನು ಹೊರಗೆ ಹಾಕೋದು ಅಂತಲೇ ಅಂದುಕೊಂಡಿದ್ದರಿಂದ ಆದ ನಷ್ಟ ಇದು. 2011ರ ಜನವರಿಯಲ್ಲಿ ಅದು ಹುಲಿ ರಕ್ಷಿತಾರಣ್ಯ ಆಯ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯಲ್ಲಿ ನಮ್ಮ ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರವೂ ಸಿಕ್ಕಿತು. ಹುಲಿ ರಕ್ಷಿತಾರಣ್ಯದೊಳಗೆ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಹಕ್ಕು ಸಿಕ್ಕಿದ್ದರಿಂದ ಹುಲಿ ಓಡಿಹೋಗಲಿಲ್ಲ.

ಮಂಜಣ್ಣ, ನಿಮ್ಮಪ್ಪನದು ಹರಕೆ, ಬರಲಿ, ಸಂತೋಷ. ಆದರೆ "ಕಾಡು ಮಾದಪ್ಪನದು" ಅಂತ ಹೇಳುವವರು ನೆನಪಿಟ್ಟುಕೊಳ್ಳಿ, ಮಾದಪ್ಪನ ಕತೆಯಲ್ಲೇ ಸಂಕಮ್ಮ ಸೋಲಿಗರವಳು. ಮಾದಪ್ಪ ಅವಳ ಹಟ್ಟಿ ಬಾಗಿಲಿಗೆ ಬಂದು ನಿಂತಿದ್ದ. ದೇವರೇ ಬಾಗಿಲಲ್ಲಿ ನಿಂತು ಕೇಳಿದ, ನೀವು ಕೇಳೋಕೆ ಏನು ಕಷ್ಟ?

ಉಘೇ ಉಘೇ:

ತಾಯಿ, ಈ ಮಾತು ಒಪ್ಪಿದೆ. ಚೀಟಿ ಕೊಡೋದಾದರೆ ಇಲಾಖೆ ಬೇಡ, ಆ ಊರವರೇ ಕೊಡಲಿ. ನಾನೇ ಮೊದಲು ತಗೋತೀನಿ.

ಕ್ಯಾಮೆರಾ ಟ್ರ್ಯಾಪ್:

ನಿಮ್ಮ ಆ ಸಾಲು ತಮಾಷೆಯಲ್ಲ, ಹತ್ತಿರದ ದಾರಿ ಅದೇ. ಕೇರಳದಲ್ಲಿ ಪೆರಿಯಾರ್ ಕಾಡಿನ ಮೂಲಕ ಶಬರಿಮಲೆಗೆ ಹೋಗುವವರ ದಾರಿಯಲ್ಲಿ ಸುತ್ತಲಿನ ಜನರ ಸಮಿತಿಗಳೇ ಅಂಗಡಿ ಇಟ್ಟು, ದಾರಿ ನೋಡಿಕೊಂಡು, ಅದರಿಂದಲೇ ಬದುಕುವ ವ್ಯವಸ್ಥೆ ಬಹಳ ವರ್ಷದಿಂದ ಇದೆ. ಅಲ್ಲೂ ಜನ ಹೆಚ್ಚು, ಕಸ ಹೆಚ್ಚು, ಎಲ್ಲ ಸರಿ ಇದೆ ಅಂತಲ್ಲ. ಆದರೆ ಭಕ್ತರು ಬಂದರೆ ಊರಿಗೂ ನಾಲ್ಕು ಕಾಸು, ಬೆಂಕಿ ಬಿದ್ದರೆ ಊರವರೇ ಮೊದಲು ಓಡ್ತಾರೆ. ಇಂಡಿಗನತ್ತದವರೇ ಜೊತೆಗೆ ಬರುವವರು, ಅವರದೇ ಮಜ್ಜಿಗೆ, ಚೀಲ ತೂಗಿ ಕಳಿಸಿ ವಾಪಸ್ ಬರುವಾಗ ತೂಗಿ ನೋಡೋದು. ಇಷ್ಟು ಮಾಡಿದರೆ ಅರ್ಧ ಜಗಳ ಮುಗಿಯುತ್ತೆ.

ಕೌದಳ್ಳಿ ಕಡೆಯವನು:

ಮಂಜಣ್ಣ, ಮುಖ್ಯ ವಿಷಯ ಬಿಟ್ಟು ಎಲ್ಲ ಮಾತಾಡಿದೆವು. ನಾಗಮಲೆಗೆ ಈಗ ಬಿಡ್ತಾ ಇದ್ದಾರಾ ಇಲ್ಲವಾ ಅನ್ನೋದು ಬದಲಾಗ್ತಾ ಇರುತ್ತೆ, ಬೇಸಗೆಯಲ್ಲಿ ಬೆಂಕಿ ಭಯಕ್ಕೆ ಮುಚ್ಚೋದೂ ಉಂಟು. ಹೊರಡುವ ಮುಂಚೆ ವೆಬ್‌ಸೈಟ್ ನೋಡಿ. ದೀಪಾವಳಿ, ಶಿವರಾತ್ರಿ, ಯುಗಾದಿ ಜಾತ್ರೆ ದಿನ ಬೇಡ, ಕಾಲಿಡೋಕೆ ಜಾಗ ಇರಲ್ಲ. ದೀಪಾವಳಿಯಲ್ಲಿ ಮಾದಪ್ಪನ ಪೂಜೆ ಮಾಡುವ ಬೇಡಗಂಪಣರ ನೂರೊಂದು ಹೆಣ್ಣುಮಕ್ಕಳು ಹಾಲರವಿ, ಅಂದರೆ ನೀರಿನ ಕೊಡ, ಹೊತ್ತು ಬರೋದು ನೋಡಬೇಕು ಅಂದರೆ ಮಾತ್ರ ಬನ್ನಿ, ಅದೊಂದು ನೋಡುವಂಥದ್ದೇ, ಆದರೆ ಅವತ್ತು ನಾಗಮಲೆ ಕೈಬಿಡಿ.

ಮಂಡಿ ಆಪರೇಷನ್ ಆದವರಿಗೆ ಹೋಗಿ ಬರೋದು ಪೂರ್ತಿ ನಡಿಗೆ ಕಷ್ಟ. ಇಂಡಿಗನತ್ತದವರೆಗೆ ಜೀಪು ಸಿಕ್ಕಿದರೆ ಹತ್ತಿ, ಮುಂದಕ್ಕೆ ನಡೀಲಿ. ಮಾದಪ್ಪ ಲೆಕ್ಕ ಹಿಡಿಯಲ್ಲ. ಬೆಳಗ್ಗೆ ಬೆಳಕು ಹರಿದ ಮೇಲೆ ಹೊರಡಿ, ಸಂಜೆ ನಾಲ್ಕರೊಳಗೆ ವಾಪಸ್ ಊರೊಳಗೆ ಇರಿ. ನೀರು ಸ್ಟೀಲ್ ಬಾಟಲಿಯಲ್ಲಿ. ಕರ್ಪೂರ ಹಚ್ಚೋದು ಮೇಲೆ ಬಂಡೆ ಮೇಲೆ ಮಾತ್ರ, ದಾರಿಯಲ್ಲಿ ಬೇಡ, ಒಣ ಹುಲ್ಲು.

ಮಳವಳ್ಳಿ ಮಂಜ:

ಇದನ್ನೆಲ್ಲ ಅಪ್ಪನಿಗೆ ಒಂದೊಂದಾಗಿ ಓದಿ ಹೇಳಿದೆ. 28ನೇ ಸೆಕ್ಷನ್ ಹತ್ತಿರ ಬಂದಾಗ ನಿದ್ದೆ ಹೋಗಿದ್ದರು. ಸಂಕಮ್ಮನ ಹೆಸರು ಬಂದಾಗ ಎದ್ದು ಕೂತರು. ಬುಕ್ ಮಾಡೋಕೆ ಒಪ್ಪಿದ್ದಾರೆ, ಆದರೆ ದುಡ್ಡು ಮಾತ್ರ ಅವರೇ ಕೊಡ್ತಾರಂತೆ, ಮಗನ ದುಡ್ಡಿನಲ್ಲಿ ಹೋದರೆ ಹರಕೆ ಸಲ್ಲಲ್ಲ ಅಂತ. ಜೀಪು ಬೇಡವೇ ಬೇಡ ಅಂದರು. ಕೌದಳ್ಳಿ ಅಣ್ಣ, ಆ ವಿಷಯಕ್ಕೆ ನೀವೇ ಒಂದ್ಸಲ ಅವರ ಹತ್ತಿರ ಮಾತಾಡಬೇಕಾಗುತ್ತೆ.